ಕತ್ತೆಮುಖದ ಹಿಡಿ

"ಬಲಗೈ ಮೇಜಿನ ಮೇಲಿಡು, ಕೋರಾ," ಎಂದೆ.

ಹುಡುಗಿ ಇಡಲಿಲ್ಲ. ಅಂಗಿಯ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು ಆ ಕೈಯನ್ನು ತೊಡೆಯ ಮೇಲೆ ಅವಿತಿಟ್ಟಳು. ಎಡಗೈಯಲ್ಲಿ ನಿಂಬೆ ಪಾನಕದ ಲೋಟವನ್ನು ಸುಮ್ಮನೆ ತಿರುಗಿಸುತ್ತಾ, ತನ್ನನ್ನು ಇಲ್ಲಿಗೆ ಕರೆಸಿದ್ದು ಜೋಲೀನ್ ವಿಷಯ ಮಾತಾಡಲು ತಾನೆ ಎಂದು ಕೇಳಿದಳು.

ಹೌದು, ಜೋಲೀನ್ ವಿಷಯಕ್ಕೇ ಎಂದೆ.

ಕಳೆದ ಶನಿವಾರ, ಕೋರಾಳ ಪದವಿ ಪ್ರದಾನದ ದಿನ, ಇದೇ 'ಕುಂಟುಗತ್ತೆ' ಬಿಯರ್ ಅಂಗಡಿಯಲ್ಲಿ ಅವಳ ಅಪ್ಪ ಗಾರ್ಡನ್ ಹೆಬಲ್ ಬಿಯರ್ ಎಂದುಕೊಂಡು ಕೊಳವೆ ತೊಳೆಯುವ ಕಾಸ್ಟಿಕ್ ನೀರು ಕುಡಿದುಬಿಟ್ಟಿದ್ದರು. ಈಗ ಗಂಟಲಿಗೆ ಕೊಳವೆ ಹಾಕಿಸಿಕೊಂಡು ಆಸ್ಪತ್ರೆಯಲ್ಲಿದ್ದಾರೆ. ಮಾತು ಮರಳುತ್ತದೋ ಇಲ್ಲವೋ ಡಾಕ್ಟರಿಗೇ ಗೊತ್ತಿಲ್ಲ. ಆ ಮಗ್ ತುಂಬಿಸಿ ಕೊಟ್ಟವಳು ಇಲ್ಲಿ ಬಿಯರ್ ಬಡಿಸುವ ಜೋಲೀನ್ ಪ್ರುಯಿಟ್. ಸೋಮವಾರ ಅವಳು ಕೋರ್ಟಿನಲ್ಲಿ ನಿಂತು ತಪ್ಪು ತನ್ನದೇ ಎಂದು ಹೇಳಲಿದ್ದಳು. ಹೇಳಿದರೆ ಜೈಲು. ಜೈಲಾದರೆ ಅವಳ ಪುಟ್ಟ ಮಗಳು, ಅದಕ್ಕೇ ಕಾದು ಕುಳಿತಿರುವ ಮಾಜಿ ಗಂಡನ ಪಾಲು.

ಈ ಕೇಸು ಕೌಂಟಿ ಪೊಲೀಸ್ ಪತ್ತೇದಾರಳಾದ ನನ್ನ ಕೈಯಲ್ಲಿತ್ತು. ಸೋಮವಾರದೊಳಗೆ ಏನಾದರೂ ಸಿಕ್ಕಿದರೆ ಸಿಕ್ಕಿತು. ಇಲ್ಲವಾದರೆ ಒಬ್ಬ ತಾಯಿಯನ್ನು ನಾನೇ ಕೈಯಾರೆ ಒಳಗೆ ತಳ್ಳಿದ ಹಾಗೆ.

ಶುಕ್ರವಾರದ ಮಧ್ಯಾಹ್ನ. ಅಡುಗೆಮನೆಯಿಂದ ಮೀನು ಕರಿಯುವ ವಾಸನೆ ಬರುತ್ತಿತ್ತು. ಕಾಲೇಜಿಗೆ ರಜೆ ಬಿದ್ದು ಹುಡುಗರು ಊರು ಬಿಟ್ಟಿದ್ದರಿಂದ ಉದ್ದನೆಯ ಬೆಂಚುಗಳ ಮೇಲೆ ಬರೀ ಊರವರು, ಒಂದಿಬ್ಬರು ಮೇಷ್ಟರು. ಆರೋಗ್ಯ ಇಲಾಖೆಯವರು ಬಂದು ಎಲ್ಲ ಕೊಳವೆಗಳನ್ನೂ ಪರೀಕ್ಷೆ ಮಾಡಿ, ಬಾಗಿಲು ತೆರೆಯಬಹುದು ಎಂದು ಹೇಳಿ ಹೋಗಿದ್ದರು. ಬಾಗಿಲೇನೋ ತೆರೆದಿತ್ತು. ಜನ ಅಭಿಮಾನಕ್ಕೆ ಬಂದಿದ್ದರು, ಮೀನು ತಿಂದರು, ಆದರೆ ಒಬ್ಬರ ಮುಂದೂ ಬಿಯರ್ ಇರಲಿಲ್ಲ. ಎಲ್ಲರಿಗೂ ಇದ್ದಕ್ಕಿದ್ದಂತೆ ನಿಂಬೆ ಪಾನಕ ಇಷ್ಟವಾಗಿಬಿಟ್ಟಿತ್ತು.

"ಇರ್ಮಾ, ಪೊಲೀಸ್‌ನೋರು ಮೊದ್ಲು ಒಂದು ಲೋಟ ಕುಡೀಲಿ," ಎಂದ ಕೌಂಟರಿನ ಬಳಿ ಕೂತಿದ್ದ ಆರ್ಚಿ ಮೂಡಿ, ನನ್ನ ಕಡೆ ತಿರುಗಿ. ಮೂವತ್ತು ವರ್ಷ ಅಂಚೆ ಹಂಚಿ ನಿವೃತ್ತನಾದವನು. "ಅರ್ಧ ಗಂಟೆ ಕಾಯ್ತೀವಿ. ನೀನು ನೆಟ್ಟಗಿದ್ರೆ ನಾವೂ ತಗೋತೀವಿ."

"ನಾನು ಸತ್ರೂ ನಿನ್ನ ಪಾರ್ಕಿಂಗ್ ದಂಡ ಮನ್ನಾ ಆಗಲ್ಲ ಆರ್ಚಿ," ಎಂದೆ. ನಾಲ್ಕು ಜನ ನಕ್ಕರು. ಕೋರಾಳನ್ನು ಕಂಡವರು ನಗುವನ್ನು ಅರ್ಧಕ್ಕೇ ನುಂಗಿಕೊಂಡು ತಟ್ಟೆ ನೋಡತೊಡಗಿದರು.

ಯಜಮಾನ ವೇಡ್ ಟೊರ್ಗರ್ಸನ್ ಎಲ್ಲಿ ಎಂದು ವಿಚಾರಿಸಿದ್ದೆ. ಬೆಳಿಗ್ಗೆಯೇ ಎಲ್ಲಿಗೋ ಹೋದರು ಎಂದಿದ್ದ ಅಡುಗೆಯವನು. ಬಹುಶಃ ಆಸ್ಪತ್ರೆಗೆ ಎಂದುಕೊಂಡೆ. ವೇಡ್ ದಿನಾ ಹೋಗುತ್ತಿದ್ದ. ಹೆಬಲ್ ಮನೆಯವರಿಗೆಂದು ಆಲೂಗಡ್ಡೆ, ಮಾಂಸ ಸೇರಿಸಿ ಬೇಯಿಸಿದ ಬಿಸಿಬಿಸಿ ಅಡುಗೆಯನ್ನು ಟವೆಲಿನಲ್ಲಿ ಸುತ್ತಿ ತರುತ್ತಿದ್ದ. ಗಾರ್ಡನ್ನರ ಹೆಂಡತಿ ಲೂಯಿಸ್, ಅವನನ್ನು ಬೈಯಲೂ ಆಗದೆ ಅಡುಗೆ ಬೇಡ ಎನ್ನಲೂ ಆಗದೆ ಪಾತ್ರೆ ಇಸಿದುಕೊಳ್ಳುತ್ತಿದ್ದಳು.

ಈ ಕೇಸಿನ ವಿಚಿತ್ರವೆಂದರೆ ತಪ್ಪು ಒಪ್ಪಿಕೊಳ್ಳುವವರಿಗೆ ಬರವೇ ಇರಲಿಲ್ಲ. ಜೋಲೀನ್ ತನ್ನದು ಎಂದಳು. ಆ ದಿನ ಜನ ಬಾಗಿಲಿಗೆ ಬಂದು ನಿಂತರೆಂದು ಹೊತ್ತಿಗೆ ಮುಂಚೆ ಅಂಗಡಿ ತೆರೆದದ್ದು ತಾನು, ಆದ್ದರಿಂದ ತಪ್ಪು ತನ್ನದು ಎಂದ ವೇಡ್. ಹಾಲು ಕರೆಯುವ ಹೊತ್ತಿಗೆ ಮನೆ ಸೇರಬೇಕು ಎನ್ನುತ್ತಿದ್ದ ಗಂಡನನ್ನು ಒಂದು ಮಗ್ ಕುಡಿದು ಹೋಗೋಣ ಎಂದು ತಡೆದವಳು ತಾನೇ ಎಂದು ಲೂಯಿಸ್ ಅತ್ತಳು. ಎಲ್ಲರೂ ನನ್ನದು, ನನ್ನದು ಎನ್ನುತ್ತಿದ್ದ ಕಡೆ ಒಬ್ಬಳು ಮಾತ್ರ ನಿನ್ನದು ಎಂದು ಬೆರಳು ತೋರಿಸುತ್ತಿದ್ದಳು. ಕೋರಾ. ಕೋರ್ಟಿನ ಮೆಟ್ಟಿಲ ಮೇಲೆ ಟೀವಿಯವರ ಮುಂದೆ ನಿಂತು, ಆ ಹೆಂಗಸಿಗೆ ಇನ್ನು ಮೇಲೆ ಯಾರಿಗೂ ನೀರು ಕೊಡುವ ಕೆಲಸವೂ ಸಿಗಬಾರದು ಎಂದಿದ್ದಳು. ಮಂಗಳವಾರ ಒಮ್ಮೆ, ಬುಧವಾರ ಇನ್ನೂ ಜೋರಾಗಿ.

ನನಗೆ ಅನುಮಾನ ಹುಟ್ಟಿದ್ದು ಆ ಜೋರಿನ ಮೇಲೆ.

ಜಾಮೀನಿನ ಮೇಲೆ ಹೊರಗೆ ಬರುವ ಮೊದಲು ಜೋಲೀನ್ ಲಾಕಪ್ಪಿನಲ್ಲಿ ಕುಳಿತು ನನಗೆ ಹೇಳಿದ್ದು ಇಷ್ಟು. ಬಿಯರ್ ಬರುವ ಕೊಳವೆಗಳಿಗೆ ಆಗಾಗ ಕಾಸ್ಟಿಕ್ ನೀರು ತುಂಬಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಆಮೇಲೆ ಒಳ್ಳೆಯ ನೀರು ಹಾಯಿಸಿ ತೊಳೆಯುತ್ತಾರೆ. ನೆನೆಯುವಷ್ಟು ಹೊತ್ತು ಆ ನಲ್ಲಿಯ ಹಿಡಿಯನ್ನು ಹಿಂದುಮುಂದಾಗಿ ತಿರುಗಿಸಿಡುವುದು ಇಲ್ಲಿನ ಪದ್ಧತಿ. ಕಪ್ಪು ಬಿಯರಿನ ನಲ್ಲಿಗೆ ಮರದಲ್ಲಿ ಕೆತ್ತಿದ ಕತ್ತೆಮುಖದ ಹಿಡಿ. ಕತ್ತೆ ನಮ್ಮನ್ನು ನೋಡುತ್ತಿದ್ದರೆ ಕುಡಿಯಬಹುದು, ಬೆನ್ನು ತೋರಿಸಿದರೆ ಮುಟ್ಟಬಾರದು. ನೀರು ಹಾಯಿಸಿ ತೊಳೆದವರೇ, ಜೋಲೀನ್ ಆಗಲಿ ವೇಡ್ ಆಗಲಿ, ಕತ್ತೆಯನ್ನು ಮತ್ತೆ ಮುಂದಕ್ಕೆ ತಿರುಗಿಸಬೇಕು. ಚೀಟಿ ಇಲ್ಲ, ಬೋರ್ಡು ಇಲ್ಲ. ಅಂಗಡಿ ಶುರುವಾದಾಗಿನಿಂದ ನಡೆದು ಬಂದ ರೂಢಿ.

ಶನಿವಾರ ಜೋಲೀನ್ ಆ ಕೊಳವೆಗೆ ಕಾಸ್ಟಿಕ್ ತುಂಬಿ ಕತ್ತೆಯ ಬೆನ್ನು ತಿರುಗಿಸಿದಳು. ಅಷ್ಟರಲ್ಲಿ ಕಪ್ಪು ಗೌನಿನ ಹುಡುಗರೂ ಅವರ ಅಪ್ಪ ಅಮ್ಮಂದಿರೂ ನುಗ್ಗಿದರು. ಅವರ ನಡುವೆ ಅವಳ ಮಾಜಿ ಗಂಡನೂ ಬಂದು ಕಪ್ಪು ಬಿಯರ್ ಕೇಳಿ ಕೂತಿದ್ದ. ಹೊರಗಿನ ಮೇಜುಗಳಿಗೆ ಊಟ ಕೊಟ್ಟು ಅವಳು ಒಳಗೆ ಬಂದಾಗ ಕತ್ತೆ ಮುಂದಕ್ಕೆ ಮುಖ ಮಾಡಿ ನಿಂತಿತ್ತು. ವೇಡ್ ತೊಳೆದು ತಿರುಗಿಸಿದ್ದಾನೆ ಎಂದುಕೊಂಡಳು. ಮಗ್ ತುಂಬಿಸಿದಳು.

ಪದವಿ ದಿನ ಇಲ್ಲಿ 'ಅಪ್ಪನ ಮಗ್' ಎಂದೊಂದು ಸಂಪ್ರದಾಯ. ಮಕ್ಕಳನ್ನು ಓದಿಸಿ ದಡ ಮುಟ್ಟಿಸಿದ ಅಪ್ಪನಿಗೋ ಅಮ್ಮನಿಗೋ ಅಂಗಡಿಯ ದೊಡ್ಡ ಪಿಂಗಾಣಿ ಮಗ್ಗಿನಲ್ಲಿ ಕಪ್ಪು ಬಿಯರ್ ಪುಕ್ಕಟೆ. ಸುತ್ತ ನಿಂತವರು ಮೇಜು ಬಡಿಯುತ್ತಿರುವಾಗ ಅವರು ಉಸಿರು ಬಿಡದೆ ಕುಡಿಯಬೇಕು. ಗಾಜಿನ ಲೋಟವಾಗಿದ್ದರೆ, ಗುಟುಕು ಗುಟುಕಾಗಿ ಕುಡಿಯುವ ಪೈಕಿಯಾಗಿದ್ದರೆ, ಇಷ್ಟೆಲ್ಲ ಆಗುತ್ತಿರಲಿಲ್ಲ. ಕೊಳವೆಯಲ್ಲಿ ಉಳಿದ ಕಪ್ಪು ಬಿಯರು ಬೆರೆತು ಪಿಂಗಾಣಿ ಮಗ್ಗಿನೊಳಗೆ ಕಾಸ್ಟಿಕ್ಕಿಗೂ ಹೆಚ್ಚುಕಡಿಮೆ ಅದೇ ಬಣ್ಣ, ಮೇಲೆ ಒಂದಿಷ್ಟು ನೊರೆ. ಗಾರ್ಡನ್ ಹೆಬಲ್ ತಲೆ ಹಿಂದಕ್ಕೆ ಚೆಲ್ಲಿ ಗಂಟಲಿಗೆ ಸುರಿದುಕೊಂಡರು. ಜನ ಮೇಜು ಬಡಿಯುತ್ತಲೇ ಇದ್ದರು. ಅವರು ಬಿದ್ದ ಮೇಲೂ ಸ್ವಲ್ಪ ಹೊತ್ತು ಬಡಿಯುತ್ತಿದ್ದರಂತೆ.

ಕತ್ತೆಯ ಮುಖ ತಿರುಗಿಸಿದ್ದು ಯಾರು ಎಂಬ ಪ್ರಶ್ನೆಗೆ ಜೋಲೀನ್ ಹತ್ತಿರ ಉತ್ತರವಿರಲಿಲ್ಲ. ವೇಡ್ ತಾನಲ್ಲ ಎಂದ. ಆ ಹೊತ್ತಿನಲ್ಲಿ ನೆಲಮಾಳಿಗೆಯಲ್ಲಿ ಬಿಯರ್ ತೊಟ್ಟಿ ಉಜ್ಜುತ್ತಿದ್ದನಂತೆ. ಹಾಗಾದರೆ ಇನ್ಯಾರು ಎಂದು ಸರ್ಕಾರಿ ವಕೀಲರು ಕೇಳಿದರು. ಜೋಲೀನಳೇ ಮರೆತು ತಿರುಗಿಸಿರಬೇಕು ಎಂದು ಅವರೇ ತೀರ್ಮಾನಿಸಿದರು. ಕೇಳೀ ಕೇಳೀ ಆ ಬಡಪಾಯಿಯೂ ಅದನ್ನೇ ನಂಬತೊಡಗಿದ್ದಳು.

ನನ್ನ ಫೋನು ತೆಗೆದು ಕೋರಾಳ ಮುಂದಿಟ್ಟೆ.

ಎರಡು ಫೋಟೊ. ಮೊದಲನೆಯದು ಬೇರೆ ಯಾರದೋ ಮನೆಯವರು ತೆಗೆದುಕೊಂಡದ್ದು. ಹಿಂದೆ ಸಾಲಾಗಿ ನಲ್ಲಿಗಳು, ಕತ್ತೆ ಬೆನ್ನು ತಿರುಗಿಸಿದೆ. ಎರಡನೆಯದು ಸ್ವಲ್ಪ ಹೊತ್ತಿನ ನಂತರ ಲೂಯಿಸ್ ತೆಗೆದದ್ದು. ಕೋರಾ ಗೌನು ಹಾಕಿಕೊಂಡು, ಟೋಪಿಯ ಗೊಂಡೆ ಕಣ್ಣಿನ ಮೇಲೆ ಬಿಟ್ಟುಕೊಂಡು ಕೌಂಟರಿಗೆ ಒರಗಿ ನಗುತ್ತಿದ್ದಾಳೆ. ಅವಳ ಭುಜದ ಪಕ್ಕದಲ್ಲಿ ಕತ್ತೆ ನೆಟ್ಟಗೆ ಕ್ಯಾಮೆರಾ ನೋಡುತ್ತಿದೆ.

"ಚೆನ್ನಾಗಿ ಬಂದಿದೆ," ಎಂದೆ. "ಕತ್ತೇನೂ ನಿನ್ನ ಜೊತೆ ಪಾಸಾದ ಹಾಗಿದೆ."

ಅವಳು ಫೋಟೊ ನೋಡಲಿಲ್ಲ. ನೋಡದೆಯೂ ಅದರಲ್ಲಿ ಏನಿದೆ ಎಂದು ಗೊತ್ತಿದ್ದವರು ಹಾಗೆ ಕೂರುತ್ತಾರೆ. ತಾನು ಬಂದಾಗಲೇ ಹಿಡಿ ಹಾಗಿತ್ತು ಎಂದಳು. ಜೋಲೀನ್ ಬೇಜವಾಬ್ದಾರಿಯ ಹೆಂಗಸು, ಅದು ಊರಿಗೇ ಗೊತ್ತು ಎಂದಳು. ಅವಳ ಬಗ್ಗೆ ಊರು ಇಲ್ಲಿಯವರೆಗೆ ಏನಂದಿತ್ತು ಎಂದು ಕೇಳಿದೆ. ಅವಳು ಲೋಟ ತಿರುಗಿಸುತ್ತಲೇ ಇದ್ದಳು.

ನಿನ್ನೆ ಆಸ್ಪತ್ರೆಯಲ್ಲಿ ಅವಳು ಕೈ ತೊಳೆಯುತ್ತಿದ್ದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಲ ಮಣಿಕಟ್ಟಿನ ಒಳಭಾಗಕ್ಕೆ ಬಣ್ಣದ ಪಟ್ಟಿ ಅಂಟಿಸಿಕೊಂಡಿದ್ದಳು. ಏನಾಯಿತು ಎಂದಿದ್ದಕ್ಕೆ ಓವನ್ ತಾಗಿತು ಎಂದಳು. ಅದೇ ಮಾತನ್ನು ಲೂಯಿಸ್ ಬೇರೆ ಥರ ಹೇಳಿದ್ದಳು. ಕೋರ್ಟಿಗೆ ಹೋಗಿ ಬಂದದ್ದು ಬಿಟ್ಟರೆ ಇಡೀ ವಾರ ಹುಡುಗಿ ಆಸ್ಪತ್ರೆಯಿಂದ ಕದಲಿಲ್ಲ, ಒಂದು ರೊಟ್ಟಿ ಚೂರನ್ನೂ ಬಿಸಿ ಮಾಡಿಕೊಂಡಿಲ್ಲ ಎಂದು.

"ಆ ಕೊಳವೆಯೊಳಗೆ ಒತ್ತಡ ಇರುತ್ತೆ ಮಗೂ," ಎಂದೆ. "ಹಿಡಿ ತಿರುಗಿಸುವಾಗ ಕೈ ಒಂಚೂರು ಅಲುಗಿದ್ರೂ ನಲ್ಲಿ ಒಂದೆರಡು ಹನಿ ಉಗುಳುತ್ತೆ. ಮೊದ್ಲು ಸೋಪಿನ ಥರ ಜಾರುತ್ತೆ, ಅಷ್ಟೆ. ಒರೆಸ್ಕೊಂಡು ಸುಮ್ಮನಾಗ್ತೀವಿ. ಉರಿ ಶುರುವಾಗೋದು ಆಮೇಲೆ."

ಲೋಟ ತಿರುಗುವುದು ನಿಂತಿತು.

ಅಡುಗೆಯವನು ಕರಿದ ಚೀಸ್ ತುಂಡುಗಳ ತಟ್ಟೆ ತಂದು ನಡುವೆ ಇಟ್ಟ. ಯಾರೂ ಹೇಳಿರಲಿಲ್ಲ. ಹೆಬಲ್ ಮನೆಯವರು ಬಂದರೆ ಬಿಲ್ ಮಾಡಬಾರದು ಎಂದು ಯಜಮಾನರ ಅಪ್ಪಣೆಯಂತೆ.

ಅವನು ಹೋದ ಮೇಲೆ ಅವಳು ಕೈಯನ್ನು ಮೇಜಿನ ಮೇಲಿಟ್ಟು ತಾನೇ ಪಟ್ಟಿ ಬಿಡಿಸಿದಳು. ಹುರುಳಿ ಕಾಳಿನಷ್ಟು ಅಗಲದ ಗಾಯ, ಪಕ್ಕದಲ್ಲಿ ಇನ್ನೊಂದು ಸಣ್ಣದು. ಅಂಚು ಬೆಳ್ಳಗೆ, ನಡುವೆ ಕೆಂಪು. ಇಂಥದ್ದೇ ಬಣ್ಣವನ್ನು ಅವಳ ಅಪ್ಪನ ತುಟಿಯ ಮೂಲೆಯಲ್ಲಿ ನೋಡಿ ಬಂದಿದ್ದೆ.

"ಫೋಟೊಗೆ," ಎಂದಳು. "ಎಲ್ಲಾ ಹಿಡಿಗಳೂ ಮುಂದೆ ನೋಡ್ತಿದ್ವು. ಇದೊಂದು ಮಾತ್ರ ಬೆನ್ನು ಹಾಕಿತ್ತು. ಯಾರೋ ಹುಡುಗ್ರು ತಮಾಷೆಗೆ ತಿರುಗ್ಸಿದ್ದಾರೆ ಅಂದ್ಕೊಂಡೆ."

ನಾಲ್ಕು ವರ್ಷ ಇದೇ ಅಂಗಡಿಯಲ್ಲಿ ಕೂತು ಪರೀಕ್ಷೆಗೆ ಓದಿದವಳು. ಮುಂದಿನ ತಿಂಗಳಿನಿಂದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಬೇಕಾದವಳು. ಅಷ್ಟು ವರ್ಷದಲ್ಲಿ ಕೌಂಟರಿನ ಒಳಗಿನವರ ಈ ಪದ್ಧತಿಯನ್ನು ಹೊರಗಿನವಳಾದ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯ ಯಾರಿಗೂ ಕಂಡಿರಲಿಲ್ಲ.

ಯಾವಾಗ ಗೊತ್ತಾಯಿತು ಎಂದು ಕೇಳಿದೆ.

ಮಂಗಳವಾರ ಎಂದಳು. ಆಸ್ಪತ್ರೆಯ ಟೀವಿಯಲ್ಲಿ ಜೋಲೀನಳ ವಕೀಲ ಕತ್ತೆಯ ಹಿಡಿಯ ಬಗ್ಗೆ ಹೇಳುತ್ತಿದ್ದನಂತೆ. ಅಮ್ಮ ಪಕ್ಕದಲ್ಲೇ ಇದ್ದಳು, ಅಪ್ಪ ಎದುರಿಗೆ ಮಲಗಿದ್ದರು. ತಾನು ಎದ್ದು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡು ನೇರವಾಗಿ ಕೋರ್ಟಿನ ಹತ್ತಿರ ಹೋದೆ ಎಂದಳು.

"ಅವಳದ್ದೇ ತಪ್ಪು ಅಂತ ಜೋರಾಗಿ ಕೂಗ್ತಾ ಇದ್ರೆ ಒಳಗಿಂದು ಕೇಳ್ಸಲ್ಲ ಅಂದ್ಕೊಂಡಿದ್ದೆ, ಮೇಡಂ. ಟೀವಿಯೋರು ಹೋದ ತಕ್ಷಣ ಕೇಳ್ಸೋದು."

ನಾನು ಕೆಲಸಕ್ಕೆ ಸೇರಿ ಬಹಳ ಕಾಲವಾಯಿತು. ಬಾಯಿ ಬಿಡಿಸಿದ ಮೇಲೆ ಒಂದು ಸಮಾಧಾನ ಸಿಗುತ್ತದೆ, ಗಂಟು ಬಿಚ್ಚಿದ ಹಾಗೆ. ಅವತ್ತು ಸಿಗಲಿಲ್ಲ. ಆಸ್ಪತ್ರೆಗೆ ಹೋಗಿ ಲೂಯಿಸ್‌ಗೆ ಏನೆಂದು ಹೇಳುವುದು? ನಿನ್ನ ಗಂಡನ ಗಂಟಲು ಸುಟ್ಟದ್ದು ನೀನು ತೆಗೆದ ಫೋಟೊ ಚೆನ್ನಾಗಿ ಬರಲೆಂದು ನಿನ್ನ ಮಗಳು ಮಾಡಿದ ಅಚ್ಚುಕಟ್ಟುತನ ಎನ್ನುವುದೇ? ಹೇಳದಿದ್ದರೆ ಜೋಲೀನಳ ಮಗು ಬೇರೆ ಮನೆಗೆ ಹೋಗುತ್ತದೆ. ನನ್ನ ಮುಂದೆ ಕುಳಿತಿದ್ದವಳು ಇನ್ನೂ ಗೌನು ಮರಳಿಸದ ಹುಡುಗಿ. ಅವಳಿಗೆ ಇದನ್ನು ಹೊರಿಸುತ್ತಿರುವುದು ನಾನು. ನನ್ನ ಫೋನು, ನನ್ನ ಎರಡು ಫೋಟೊ.

ಸೋಮವಾರಕ್ಕೆ ಮೊದಲು ಸರ್ಕಾರಿ ವಕೀಲರ ಮುಂದೆ ಇದನ್ನು ಹೇಳಬೇಕಾಗುತ್ತದೆ ಎಂದೆ. ಗೊತ್ತಿಲ್ಲದೆ ಮಾಡಿದ್ದಕ್ಕೆ ಕಾನೂನು ಅವಳನ್ನು ಜೈಲಿಗೆ ಹಾಕಲಿಕ್ಕಿಲ್ಲ, ಹಿಡಿಯನ್ನು ನಂಬಿ ಬಿಯರ್ ಬಗ್ಗಿಸಿದ ಜೋಲೀನಳನ್ನೂ ಬಿಟ್ಟಾರು ಎಂದೆ.

"ಅಪ್ಪನಿಗೆ ನಾನೇ ಹೇಳ್ಬಹುದಾ? ಮೊದ್ಲು?"

ಹೇಳು ಎಂದೆ. ಬೇಕಾದರೆ ನಾನು ಬಾಗಿಲಾಚೆ ನಿಂತಿರುತ್ತೇನೆ ಎಂದೆ.

ಅವಳು ತಲೆಯಾಡಿಸಿದಳು. ಆದರೂ ಏಳಲಿಲ್ಲ. ಪಟ್ಟಿಯನ್ನು ಮತ್ತೆ ಅಂಟಿಸಲು ನೋಡಿದಳು, ಅದು ಅಂಟಲಿಲ್ಲ.

ನನಗೂ ಒಂದು ವಿಷಯ ಕುಟುಕುತ್ತಿತ್ತು. ಕೋರಾ ಮೇಷ್ಟರ ಮುಂದೆ ಕೈಕಟ್ಟಿ ಬೆಳೆದ ಹೈನುಗಾರರ ಮನೆಯ ಹುಡುಗಿ. ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿಯನ್ನೂ ಕೇಳಿಯೇ ತೆಗೆದುಕೊಳ್ಳುವವಳು. ಅಂಥವಳು ಬೇರೆಯವರ ಕೌಂಟರಿನಾಚೆಗೆ ಕೈ ಚಾಚಿ, ಯಾರನ್ನೂ ಕೇಳದೆ ಅಂಗಡಿಯ ಸಾಮಾನು ತಿರುಗಿಸಿದಳೇ?

"ಆಗ ಕೌಂಟರ್ ಹತ್ರ ಯಾರೂ ಇರ್ಲಿಲ್ವಾ?" ಎಂದೆ.

ಇಲ್ಲ ಎಂದಳು. ಆಮೇಲೆ, ಇದ್ದರೂ ತಿರುಗಿಸಿದ್ದು ತಾನೇ ತಾನೆ ಎಂದಳು. ಈಗ ಇನ್ನೊಬ್ಬರ ಹೆಸರು ಎತ್ತಿದರೆ ಮತ್ತೆ ಜೋಲೀನಳಿಗೆ ಮಾಡಿದ್ದನ್ನೇ ಮಾಡಿದ ಹಾಗಾಗುತ್ತದೆ ಎಂದಳು.

ಯಾರ ಹೆಸರು ಎಂದು ಕೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬೀದಿ ಬಾಗಿಲು ತೆರೆದು ವೇಡ್ ಒಳಗೆ ಬಂದ.

ನಾನು ಅವನನ್ನು ಕಂಡಾಗಲೆಲ್ಲ ರಬ್ಬರ್ ಬೂಟು, ಒದ್ದೆ ಏಪ್ರನ್. ಅವತ್ತು ಕೋಟು ಹಾಕಿ ಟೈ ಕಟ್ಟಿದ್ದ. ಟೈ ಒಂದು ಕಡೆಗೆ ವಾಲಿತ್ತು. ಆರ್ಚಿ, ಯಾರ ಮದುವೆಯಪ್ಪಾ ಎಂದ. ವೇಡ್ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ನಮ್ಮ ಮೇಜಿಗೆ ಬಂದು ಬೆಂಚಿನ ತುದಿಯಲ್ಲಿ ಕುಳಿತ, ಇನ್ನೊಬ್ಬರ ಅಂಗಡಿಗೆ ಬಂದವನ ಹಾಗೆ.

"ಮುಗೀತು ಇರ್ಮಾ," ಎಂದ. "ಜೋಲೀನ್ ಒಪ್ಕೊಂಡ್ಲು."

"ಸೋಮವಾರ ಅಲ್ವಾ?"

"ಇವತ್ತೇ ಹೊತ್ತಿತ್ತಂತೆ ಜಡ್ಜಿಗೆ. ಬೇಗ ಮುಗಿದ್ರೆ ಸಾಕು ಅಂದ್ಲು ಅವಳೂ. ನಾನೇ ಕಾರಲ್ಲಿ ಕರ್ಕೊಂಡು ಹೋಗಿದ್ದೆ." ಅವನು ಟೈ ಎಳೆದು ಸಡಿಲ ಮಾಡಿಕೊಂಡ. "ತಪ್ಪಿತಸ್ಥಳು ಅಂತ ಹೇಳುವಾಗ ನನ್ನ ಕಡೆ ತಿರುಗಿ ನೋಡಿದ್ಲು. ಸರಿಯಾಗಿ ಹೇಳಿದ್ನಾ ಅಂತ ಕೇಳೋ ಹಾಗೆ."

ಒಮ್ಮೆ ಕೋರ್ಟಿನಲ್ಲಿ ಬಾಯಿಬಿಟ್ಟು ಒಪ್ಪಿಕೊಂಡದ್ದನ್ನು ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟ ಎಂದು ಅಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನನ್ನ ಬಳಿ ಎರಡು ದಿನ ಇದೆ ಎಂದುಕೊಂಡು ಒಂದು ತಟ್ಟೆ ಚೀಸ್ ಮುಂದಿಟ್ಟುಕೊಂಡು ಕುಳಿತಿದ್ದೆ.

ವೇಡ್ ಕೋರಾಳ ಕಡೆ ನೋಡಿದ. ಮೇಜಿನ ಮೇಲೆ ಬಿಚ್ಚಿಟ್ಟ ಕೈ ಅವನ ಕಣ್ಣಿಗೆ ಬಿತ್ತು. ಅಪ್ಪ ಹೇಗಿದ್ದಾರೆ, ಇವತ್ತು ಅಡುಗೆ ತರಲಾಗಲಿಲ್ಲ, ಸಂಜೆ ತರುತ್ತೇನೆ ಎಂದ. ಮಾತು ಹೇಳುತ್ತಿದ್ದುದು ಬಾಯಿ ಮಾತ್ರ, ಕಣ್ಣು ಆ ಗಾಯದಿಂದ ಕದಲಲಿಲ್ಲ.

"ನೀವು ನೆಲಮಾಳಿಗೆಯಲ್ಲಿದ್ದೆ ಅಂತ ಹೇಳಿದ್ರಂತೆ," ಎಂದಳು ಕೋರಾ.

ಅವನು ಗಾಯದಿಂದ ಕಣ್ಣೆತ್ತಿ ಅವಳನ್ನು ನೋಡಿದ.

"ನಾನು ಕೇಳಿದ್ದೆ ನಿಮ್ಮನ್ನ. ಇದನ್ನ ಮುಟ್ಬಹುದಾ ಅಂತ. ನೀವು ಅಲ್ಲೇ ನಿಂತಿದ್ರಿ, ಕೈಯಲ್ಲಿ ಬಟ್ಟೆ ಇತ್ತು. ತಿರುಗಿಸ್ಕೋ ಮಗೂ, ಫೋಟೊ ಚೆನ್ನಾಗ್ ಬರುತ್ತೆ ಅಂದ್ರಿ." ಅವಳ ದನಿ ಏರಲಿಲ್ಲ. ಆರೋಪದ ದನಿಯೂ ಅಲ್ಲ ಅದು. ನೆನಪು ಸರಿಯಿದೆಯೇ ಎಂದು ಪರೀಕ್ಷಿಸಿಕೊಳ್ಳುವವರು ಹಾಗೆ ಮಾತಾಡುತ್ತಾರೆ. "ನೀವು ಮರೆತಿದ್ರಿ ಅಂದ್ಕೊಂಡೆ. ಗಲಾಟೆಯಲ್ಲಿ ಯಾರಿಗಾದ್ರೂ ಮರೆತು ಹೋಗುತ್ತೆ. ಅದಕ್ಕೇ ಯಾರ ಹತ್ರಾನೂ ಹೇಳಿಲ್ಲ. ಮರೆತಿದ್ರಿ ಅಲ್ವಾ?"

ಈ ಅಂಗಡಿಯ ಒಂದೊಂದು ಕೊಳವೆಯನ್ನೂ ತನ್ನ ಕೈಯಿಂದಲೇ ಜೋಡಿಸಿದವನು ವೇಡ್. ಕತ್ತೆಯ ಮುಖವನ್ನು ಕೆತ್ತಿದವನೂ ಅವನೇ. ಮರೆತೆ ಎಂದು ಒಂದು ಮಾತು ಹೇಳಲಿ ಎಂದು ನಾನು ಕಾದೆ. ದೇವರಾಣೆ, ಹೇಳಲಿ ಎಂದು ಬಯಸಿದೆ. ಅದು ಸುಳ್ಳಾಗಿದ್ದರೂ ಆ ಗಳಿಗೆಯಲ್ಲಿ ನಂಬಿಬಿಡುತ್ತಿದ್ದೆನೇನೋ.

ಅವನು ಟೈಯನ್ನು ಪೂರ್ತಿ ಬಿಚ್ಚಿ, ಮಡಿಸಿ, ಮೇಜಿನ ಮೇಲಿಟ್ಟ. ಕೋರಾಳ ಗಾಯದ ಕೈಯನ್ನು ಮುಟ್ಟಲು ಹೋಗಿ, ಮುಟ್ಟದೆ ಹಿಂತೆಗೆದುಕೊಂಡ.

"ಮರೆತಿರ್ಲಿಲ್ಲ ಮಗೂ," ಎಂದ. "ಆದ್ರೆ ಆ ಬಿಯರ್ ಕೇಳಿ ಕೂತಿದ್ದೋನು ಜೋಲೀನ್‌ನ ಮಾಜಿ ಗಂಡ. ಆ ಮಗ್ ನಿಮ್ಮಪ್ಪನ ಕೈಗೆ ಹೋಗ್ಬೇಕಾಗಿರ್ಲಿಲ್ಲ."